ಹೆಸರು ದೊಡ್ಡದಿದೆ, ವಯಸ್ಸೂ ಆಗಿದೆ: 2024-25ರ ನಮ್ ಬಿಎಫ್‌ಸಿ

2024ರ ಗಣೇಶನ ಹಬ್ಬದ ದಿನ ಮಧ್ಯಾಹ್ನ ಊಟ ಮುಗ್ಸಿ ಎಲ್ರೂ ಹಾಲಲ್ಲಿ ಕೂತಿದ್ವಿ, ಬೀದಿ ಕೊನೇಲಿರೋ ಪೆಂಡಾಲಿಂದ ತಮಟೆ ಸದ್ದು ಬರ್ತಾ ಇತ್ತು, ಚಿಕ್ಕಪ್ಪ ಇನ್ನೊಂದು ಕರಿಗಡುಬು ಕೈಗೆ ತಗೊಂಡು ನನ್ ಕಡೆ ತಿರುಗಿ ಕೇಳಿದ್ರು, "ಬರೋ ಶನಿವಾರ ಮ್ಯಾಚ್ ಶುರು ಅಂತಲ್ಲೋ, ಈ ಸಲ ನಿಮ್ ಟೀಮಲ್ಲಿ ನಮ್ಮೂರ್ ಹುಡುಗ ಯಾರಾದ್ರೂ ಇದಾನೇನೋ?"

"ಇದಾನೆ ಚಿಕ್ಕಪ್ಪ, ಒಬ್ಬ ಇದಾನೆ" ಅಂದೆ.

"ಆಡಿಸ್ತಾರಾ, ಇಲ್ಲಾ ಬೆಂಚಲ್ಲಿ ಕೂರಿಸ್ತಾರಾ?"

ಇದಕ್ಕೆ ಉತ್ತರ ಕೊಡೋಕೆ ಹೋಗಿ ಒಂದು ಗಂಟೆ ಮಾತಾಯ್ತು, ಮನೆಯವ್ರೆಲ್ಲ ಒಬ್ಬೊಬ್ರಾಗಿ ಎದ್ದು ಒಳಗೆ ಹೋದ್ರು, ನಾವಿಬ್ರೇ ಉಳಿದ್ವಿ. ಆಮೇಲೂ ತಲೇಲಿ ಅದೇ ಓಡ್ತಾ ಇದೆ. ಅದಕ್ಕೇ ಸೀಸನ್ ಶುರು ಆಗೋಕೆ ಮುಂಚೆ ನಮ್ ಬಿಎಫ್‌ಸಿ, ಅಂದ್ರೆ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಪೂರ್ತಿ ಸ್ಕ್ವಾಡ್ ಬಗ್ಗೆ ಕೂತ್ಕೊಂಡು ಬರ್ದುಬಿಡೋಣ ಅನ್ಸ್ತು.

ಚಿಕ್ಕಪ್ಪನ ಪ್ರಶ್ನೆ ಸುಮ್ನೆ ಬಂದಿದ್ದಲ್ಲ. ಅವ್ರು ಐಟಿಐ ಟೆಲಿಫೋನ್ ಕಾರ್ಖಾನೇಲಿ ಕೆಲಸ ಮಾಡಿ ರಿಟೈರ್ ಆದವ್ರು, ಶಿಫ್ಟ್ ಮುಗ್ಸಿ ಬಸ್ ಹತ್ತಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೋಗಿ ಮ್ಯಾಚ್ ನೋಡ್ಕೊಂಡು ಮನೆಗೆ ಬರ್ತಿದ್ದ ಕಾಲದವ್ರು. ಐಟಿಐ, ಎಚ್‌ಎಎಲ್ ಟೀಮ್‌ಗಳಲ್ಲಿ ಆಡ್ತಿದ್ದ ಎಷ್ಟೋ ಹುಡುಗ್ರು ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಕಡೆಯವ್ರು. 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ಮೇಲೆ ಇಂಡಿಯಾ ಪರ ಗೋಲ್ ಹೊಡೆದ ಸಾರಂಗಪಾಣಿ ರಾಮನ್ ನಮ್ ಬೆಂಗಳೂರಿನವ್ರು. ಹೋದ ವರ್ಷ, 2023ರ ಮಾರ್ಚಲ್ಲಿ, ಕರ್ನಾಟಕ ರಿಯಾದಲ್ಲಿ ಮೇಘಾಲಯನ 3-2ರಲ್ಲಿ ಸೋಲಿಸಿ 54 ವರ್ಷ ಆದ್ಮೇಲೆ ರಾಜ್ಯಗಳ ಟೀಮ್‌ಗಳು ಆಡೋ ಸಂತೋಷ್ ಟ್ರೋಫಿ ಗೆದ್ದಾಗ ಚಿಕ್ಕಪ್ಪ ಫೋನ್ ಮಾಡಿ ಒಂದು ನಿಮಿಷ ಮಾತೇ ಆಡ್ಲಿಲ್ಲ, ಉಸಿರಾಡೋದು ಮಾತ್ರ ಕೇಳಿಸ್ತಾ ಇತ್ತು. 2013ರಲ್ಲಿ ಬಿಎಫ್‌ಸಿ ಶುರು ಆದಾಗ ಮೊದಲನೇ ಸೀಸನ್ ಆಡಿದ್ದೂ ಅದೇ ಅಶೋಕನಗರದ ಸ್ಟೇಡಿಯಮ್ಮಲ್ಲಿ, ನನ್ನ ಅಲ್ಲಿಗೆ ಮೊದಲು ಕರ್ಕೊಂಡು ಹೋಗಿದ್ದು ಅವ್ರೇ, ಆ ಸೀಸನ್ನೇ, ಆಗ ದೇಶದ ದೊಡ್ಡ ಲೀಗಾಗಿದ್ದ ಐ-ಲೀಗ್ ಗೆದ್ವಿ. ಅವತ್ತಿಂದ ಪ್ರತಿ ವರ್ಷ ಇದೊಂದೇ ಪ್ರಶ್ನೆ.

ಹೋದ ಸೀಸನ್ ಬಗ್ಗೆ ಜಾಸ್ತಿ ಬರೆಯೋಕೆ ಮನಸ್ಸಿಲ್ಲ, ಆದ್ರೆ ಅದನ್ನ ಬಿಟ್ಟು ಈ ಸಲದ ಲೆಕ್ಕ ಹಾಕೋಕಾಗಲ್ಲ. ಐಎಸ್‌ಎಲ್ಲಲ್ಲಿ (ಇಂಡಿಯನ್ ಸೂಪರ್ ಲೀಗ್) 12 ಟೀಮಲ್ಲಿ 10ನೇ ಜಾಗ. 22 ಮ್ಯಾಚಲ್ಲಿ ಗೆದ್ದಿದ್ದು 5, ಹೊಡೆದಿದ್ದು 20 ಗೋಲು, ತಿಂದಿದ್ದು 34. ಅಂದ್ರೆ ನಾವು ಸರಾಸರಿ ಮ್ಯಾಚಿಗೆ ಒಂದು ಗೋಲೂ ಹೊಡೀಲಿಲ್ಲ. ಡಿಸೆಂಬರ್ 8ಕ್ಕೆ ನಮ್ ಮನೆ ಗ್ರೌಂಡ್ ಕಂಠೀರವದಲ್ಲೇ ಮುಂಬೈ ಸಿಟಿ ನಾಲ್ಕು ಹೊಡೀತು, ಮಾರನೇ ದಿನ ಕೋಚ್ ಸೈಮನ್ ಗ್ರೇಸನ್‌ನ ತೆಗೆದ್ರು. ಏಪ್ರಿಲ್ 11ಕ್ಕೆ ಮನೇಲಿ ಆಡಿದ ಕೊನೇ ಮ್ಯಾಚಲ್ಲಿ ಮೋಹನ್ ಬಾಗಾನ್ ಇನ್ನೊಂದು ನಾಲ್ಕು ಹೊಡೀತು. ಎರಡೂ ದಿನ ನಾನು ಸ್ಟ್ಯಾಂಡಲ್ಲಿದ್ದೆ. ಏಪ್ರಿಲ್ ಮ್ಯಾಚ್ ಮುಗಿದ್ಮೇಲೆ ನಮ್ ಫ್ಯಾನ್ಸ್ ಗುಂಪು ವೆಸ್ಟ್ ಬ್ಲಾಕ್ ಹುಡುಗ್ರು ಆದ್ರೂ ಹಾಡ್ತಾ ನಿಂತಿದ್ರು, ಪ್ಲೇಯರ್ಸ್ ಬಂದು ಚಪ್ಪಾಳೆ ಹೊಡೆದ್ರು, ನಂಗೆ ಗಂಟಲು ಕಟ್ಟಿತ್ತು. ಅದರ ಹಿಂದಿನ ಸೀಸನ್ನಲ್ಲಿ ಇದೇ ಕ್ಲಬ್ಬು ಡ್ಯುರಾಂಡ್ ಕಪ್ ಗೆದ್ದು, ಐಎಸ್‌ಎಲ್ ಫೈನಲ್ಲಲ್ಲಿ ಪೆನಾಲ್ಟಿ ಶೂಟೌಟಲ್ಲಿ ಸೋತಿತ್ತು ಅಂದ್ರೆ ನಂಬೋಕಾಗತ್ತಾ. ಒಂದು ವರ್ಷದಲ್ಲಿ ಅಷ್ಟು ಕೆಳಗೆ ಬಿತ್ತು.

ಅದಕ್ಕೆ ಈ ಬೇಸಿಗೇಲಿ ಕ್ಲಬ್ಬವ್ರು ಏನು ಮಾಡಿದ್ರು ನೋಡಿ. ಮುಂಬೈ ಸಿಟಿ ಮೇ 4ಕ್ಕೆ ಕೋಲ್ಕತಾದ ಸಾಲ್ಟ್ ಲೇಕಲ್ಲಿ ಮೋಹನ್ ಬಾಗಾನ್ ಸೋಲಿಸಿ ಐಎಸ್‌ಎಲ್ ಕಪ್ ಗೆದ್ದ ಟೀಮು, ಆ ಟೀಮಿಂದನೇ ಮೂರು ಜನ. ಸ್ಟ್ರೈಕರ್ ಹೋರ್ಹೆ ಪೆರೇರಾ ಡಿಯಾಸ್, ಆ ಫೈನಲ್ಲಲ್ಲೇ ಗೋಲ್ ಹೊಡೆದವನು. ಆಲ್ಬರ್ಟೊ ನೊಗೆರಾ, ಮಿಡ್‌ಫೀಲ್ಡಲ್ಲಿ ಪಾಸ್ ಹಾಕೋದ್ರಲ್ಲಿ ಈ ಲೀಗಲ್ಲಿ ಅವನಷ್ಟು ಚೆನ್ನಾಗಿ ಆಡೋರು ಕಮ್ಮಿ. ಆಮೇಲೆ ರಾಹುಲ್ ಭೇಕೆ, ಆ ಕಪ್ ಎತ್ತಿದ ಕ್ಯಾಪ್ಟನ್. ಭೇಕೆ ನಮಗೆ ಹೊಸಬ ಅಲ್ಲ, ಬಿಎಫ್‌ಸಿ ಒಂದೇ ಒಂದು ಸಲ ಐಎಸ್‌ಎಲ್ ಗೆದ್ದಿದ್ದು 2019ರ ಮಾರ್ಚ್ 17ಕ್ಕೆ, ಗೋವಾ ಮೇಲೆ 1-0, ಎಕ್ಸ್‌ಟ್ರಾ ಟೈಮಿನ ಕೊನೇಲಿ ಕಾರ್ನರ್‌ಗೆ ಎಗರಿ ತಲೆ ಕೊಟ್ಟ ಮನುಷ್ಯ ಅವನೇ. ಈಗ ವಾಪಸ್ ಬಂದಿದಾನೆ. ನಿಜ ಹೇಳ್ತೀನಿ, ಆ ನ್ಯೂಸ್ ಓದಿದಾಗ ಆಫೀಸಲ್ಲಿ ಸೀಟಿಂದ ಎದ್ದು ನಿಂತ್ಬಿಟ್ಟಿದ್ದೆ.

ಇವ್ರ ಜೊತೆ ಸ್ಪೇನಿನವ್ರು ಇಬ್ರು, ಎಡ್ಗರ್ ಮೆಂಡೆಸ್ ಮತ್ತೆ ಪೆಡ್ರೊ ಕಾಪೊ. ಎಡ್ಗರ್ ಬಗ್ಗೆ ಒಂದು ವಿಷ್ಯ ಗೊತ್ತಿರ್ಲಿ, 2017ರಲ್ಲಿ ಅಲಾವೆಸ್ ಅನ್ನೋ ಪುಟ್ಟ ಕ್ಲಬ್ಬು ಸ್ಪೇನಿನ ಕೋಪಾ ಡೆಲ್ ರೇ ಫೈನಲ್‌ಗೆ ಹೋಗಿ ಬಾರ್ಸಿಲೋನಾ ಎದುರು ಆಡ್ತಲ್ಲ, ಸೆಮಿಫೈನಲ್ಲಲ್ಲಿ ಸೆಲ್ಟಾ ಮೇಲೆ ಗೋಲ್ ಹೊಡೆದು ಅವ್ರನ್ನ ಫೈನಲ್‌ಗೆ ಸೇರಿಸಿದ್ದು ಇವನೇ. ಆಮೇಲೆ ಮೆಕ್ಸಿಕೋಲಿ ಆಡಿದಾನೆ. ಕಾಪೊ ಸ್ಪೇನಿನ ಎರಡನೇ ಡಿವಿಷನ್ನಲ್ಲಿ ಆಡಿ ಬಂದಿರೋ ಹೋಲ್ಡಿಂಗ್ ಮಿಡ್‌ಫೀಲ್ಡರ್, ಡಿಫೆನ್ಸ್ ಮುಂದೆ ನಿಂತು ಬಾಲ್ ಕಿತ್ಕೊಂಡು ಸರಳವಾಗಿ ಪಾಸ್ ಮಾಡೋ ಆಟಗಾರ. ಹೋದ ಸಲ ನಮಗೆ ಅತಿ ಹೆಚ್ಚು ಕಾಡಿದ್ದು ಆ ಜಾಗನೇ. ಎದುರಾಳಿ ಬಾಲ್ ಗೆದ್ದು ಎರಡು ಪಾಸ್ ಹಾಕಿದ್ರೆ ಸೀದಾ ನಮ್ ಸೆಂಟರ್ ಬ್ಯಾಕ್ (ಮಧ್ಯದ ಡಿಫೆಂಡರ್) ಮುಂದೆ ಬಂದು ನಿಲ್ತಿದ್ರು, ನಡುವೆ ತಡೆಯೋರೇ ಇರ್ತಿರ್ಲಿಲ್ಲ.

ಹೋದವ್ರಲ್ಲಿ ನಂಗೆ ಬೇಜಾರಾಗಿದ್ದು ಹಾವಿ ಹೆರ್ನಾಂಡೆಸ್ ಒಬ್ಬನಿಗೆ. ಜಮ್ಶೆಡ್‌ಪುರಕ್ಕೆ ಹೋದ. ಫ್ರೀ ಕಿಕ್ ಸಿಕ್ಕಿದ್ರೆ ಅವನ ಎಡಗಾಲು ಸಾಕಾಗಿತ್ತು, ಇಡೀ ಸ್ಟ್ಯಾಂಡು ಮೊಬೈಲ್ ಎತ್ತಿ ಹಿಡಿಯೋದು. ರೋಹಿತ್ ಕುಮಾರ್ ಒಡಿಶಾಗೆ ಹೋದ. ಮಿಕ್ಕಿದ್ದೆಲ್ಲ ಹೋಗ್ಬೇಕಾಗಿದ್ದೇ.

ಈಗ ನಂಗೆ ನಿಜವಾಗ್ಲೂ ಮಾತಾಡ್ಬೇಕಿರೋ ವಿಷ್ಯಕ್ಕೆ ಬರ್ತೀನಿ.

ಫಾರಿನ್ ಪ್ಲೇಯರ್ಸ್ ನಮ್ಹತ್ರ ಆರು ಜನ. ಡಿಯಾಸ್, ನೊಗೆರಾ, ಎಡ್ಗರ್, ಕಾಪೊ, ಜೊತೆಗೆ ಮೊದ್ಲಿಂದ ಇರೋ ಇಬ್ರು ಆಸ್ಟ್ರೇಲಿಯಾದವ್ರು, ಸೆಂಟರ್ ಬ್ಯಾಕ್ ಅಲೆಕ್ಸಾಂಡರ್ ಜೊವಾನೊವಿಚ್ ಮತ್ತೆ ರಯಾನ್ ವಿಲಿಯಮ್ಸ್. ರೂಲ್ ಪ್ರಕಾರ ಫೀಲ್ಡಲ್ಲಿ ಒಂದೇ ಸಲಕ್ಕೆ ನಾಲ್ಕೇ ಜನ ಫಾರಿನವ್ರು ಇರ್ಬಹುದು. ಅಂದ್ರೆ ಪ್ರತಿ ಮ್ಯಾಚಲ್ಲೂ ಇಬ್ರು ಹೊರಗೆ. ಈ ಲೀಗಲ್ಲಿ ತುಂಬಾ ಟೀಮ್‌ಗಳು ಹಿಂದೆ ಒಬ್ಬ, ಮಧ್ಯ ಒಬ್ಬ, ಮುಂದೆ ಇಬ್ರು ಅಂತ ಹಂಚ್ಕೊಂಡು ಆಡ್ತಾರೆ, ಯಾಕಂದ್ರೆ ಒಳ್ಳೆ ಇಂಡಿಯನ್ ಸೆಂಟರ್ ಬ್ಯಾಕ್ ಜೋಡಿ ಸಿಗೋದು ಭಾರಿ ಕಷ್ಟ. ಭೇಕೆ ಬಂದಿರೋದ್ರ ಬೆಲೆ ಇಲ್ಲೇ ಇರೋದು. ಈ ಜನವರೀಲಿ ಹೈದರಾಬಾದಿಂದ ಬಂದ ಚಿಂಗ್ಲೆನ್ಸಾನಾ ಸಿಂಗ್ ಪಕ್ಕ ಭೇಕೆ ನಿಂತ್ರೆ ಹಿಂದೆ ಇಬ್ರೂ ಇಂಡಿಯನ್ಸ್, ಇಬ್ರೂ ಕಪ್ ಗೆದ್ದ ಅನುಭವ ಇರೋರು, ಒಬ್ಬ ಎಗರಿ ಹೆಡ್ ಮಾಡ್ತಾನೆ ಇನ್ನೊಬ್ಬ ಬಾಲ್ ಇಟ್ಕೊಂಡು ನಿಧಾನಕ್ಕೆ ಪಾಸ್ ಹಾಕ್ತಾನೆ. ಆಗ ಫಾರಿನ್ ಜಾಗ ನಾಲ್ಕೂ ಮಧ್ಯ ಮತ್ತೆ ಮುಂದಕ್ಕೆ ಮಿಗತ್ತೆ. ಕಾಪೊ, ನೊಗೆರಾ, ಎಡ್ಗರ್, ಡಿಯಾಸ್, ನಾಲ್ಕೂ ಜನ ಒಟ್ಟಿಗೆ ಆಡ್ಬಹುದು. ಒಬ್ಬ ಡಿಫೆಂಡರ್‌ನ ತಗೊಂಡು ಅಟ್ಯಾಕಲ್ಲಿ ಒಂದು ಜಾಗ ಸಂಪಾದಿಸಿದ ಹಾಗೆ. 20 ಗೋಲಿಗೆ ಒದ್ದಾಡಿದ ಟೀಮಿಗೆ ಇದು ಸಣ್ಣ ವಿಷ್ಯ ಅಲ್ಲ, ನನ್ ಪ್ರಕಾರ ಈ ಬೇಸಿಗೆಯ ಬೆಸ್ಟ್ ಸೈನಿಂಗ್ ಡಿಯಾಸ್ ಅಲ್ಲ, ಭೇಕೆ.

ಆದ್ರೆ. ಇದನ್ನೇ ಹಬ್ಬದ ದಿನ ಚಿಕ್ಕಪ್ಪಂಗೆ ಹೇಳ್ತಾ ಒಬ್ಬೊಬ್ರ ವಯಸ್ಸು ಫೋನಲ್ಲಿ ನೋಡ್ತಾ ಹೋದೆ. ಜೊವಾನೊವಿಚ್ 35. ಡಿಯಾಸ್ 34. ಎಡ್ಗರ್ 34. ನೊಗೆರಾಗೆ ಈ ತಿಂಗ್ಳು 35 ತುಂಬತ್ತೆ. ಕಾಪೊ 33. ಭೇಕೆ 33. ಸ್ಟ್ರೈಕರ್ ಸುನಿಲ್ ಛೆಟ್ರಿ 40. ರಯಾನ್ ವಿಲಿಯಮ್ಸ್ ಒಬ್ಬನೇ 30, ಅವನಿಗೂ ಮುಂದಿನ್ ತಿಂಗ್ಳು 31.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, "ಸೆಪ್ಟೆಂಬರಲ್ಲಿ ಚೆನ್ನಾಗೇ ಆಡ್ತಾರೆ ಬಿಡು. ಜನವರಿ ಹೊತ್ಗೆ ಕಾಲು ಹೇಳತ್ತೆ" ಅಂದ್ರು.

ನಂಗೂ ಇದೇ ಭಯ. ಈ ಸಲ ಮೊಹಮ್ಮಡನ್ ಸ್ಪೋರ್ಟಿಂಗ್ ಸೇರಿ ಲೀಗಲ್ಲಿ 13 ಟೀಮು, ಒಬ್ಬೊಬ್ರಿಗೂ 24 ಮ್ಯಾಚು, ಆಮೇಲೆ ಪ್ಲೇಆಫ್. ಕೊಚ್ಚಿ ಸೆಕೆಲಿ ಒಂದು ಮ್ಯಾಚ್ ಆಡಿ ವಿಮಾನ ಹತ್ತಿ ಗುವಾಹಟಿಗೆ ಹೋಗಿ ಆಡ್ಬೇಕು, ನಾಲ್ಕೈದು ದಿನಕ್ಕೆ ಇನ್ನೊಂದು. ಲೀಗಿಗೆ ಮುಂಚೆ ನಡೆದ ಡ್ಯುರಾಂಡ್ ಕಪ್ಪಲ್ಲೇ ಅದರ ಸುಳಿವು ಸಿಕ್ತು. ಗ್ರೂಪಲ್ಲಿ ಮೂರಕ್ಕೆ ಮೂರೂ ಗೆದ್ವಿ, ಕ್ವಾರ್ಟರ್ ಫೈನಲ್ಲಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಇಂಜುರಿ ಟೈಮಲ್ಲಿ ಡಿಯಾಸ್ ಹೊಡೆದ ಗೋಲಿಂದ 1-0, ಅವನ ಹಳೇ ಟೀಮ್ ಮೇಲೇ, ನಮ್ಮನೇಲಿ ನಾನು ಕೂಗಿದ್ದಕ್ಕೆ ಕೆಳಗಿನ ಮನೆ ಆಂಟಿ ಏನಾಯ್ತು ಅಂತ ಮೆಟ್ಟಿಲು ಹತ್ತಿ ಬಂದ್ರು. ಸೆಮಿಫೈನಲ್ಲಲ್ಲಿ ಆಗಸ್ಟ್ 27ಕ್ಕೆ ಮೋಹನ್ ಬಾಗಾನ್ ಎದುರು, ಅದೂ ಅವ್ರ ಮನೆ ಸಾಲ್ಟ್ ಲೇಕಲ್ಲಿ, 2-0 ಮುಂದಿದ್ವಿ. ಛೆಟ್ರಿ ಪೆನಾಲ್ಟಿ ಒಂದು, ವಿನೀತ್ ಅನ್ನೋ ಹುಡುಗಂದು ಒಂದು. ಆಮೇಲೆ ಹಿಂದೆ ಹಿಂದೆ ಸರೀತಾ ಹೋದ್ವಿ, ಬಾಲ್ ನಮ್ ಕಾಲಲ್ಲಿ ನಿಲ್ಲಲೇ ಇಲ್ಲ, 2-2 ಆಯ್ತು, ಪೆನಾಲ್ಟೀಲಿ ಸೋತ್ವಿ. ಕೊನೇ ಇಪ್ಪತ್ತು ನಿಮಿಷ ಮತ್ತೆ ನೋಡಿದೆ, ಬಾಲ್ ಗೆದ್ಮೇಲೆ ಮುಂದಕ್ಕೆ ಓಡೋರು ಯಾರೂ ಇಲ್ಲ. ಗೆಲ್ಲೋಕೆ ಬೇಕಾದ ಜಾಣತನ ಈ ಟೀಮಲ್ಲಿದೆ, ಗೆದ್ದಿದ್ದನ್ನ 90 ನಿಮಿಷ ಕಾಯೋಕೆ ಬೇಕಾದ ಓಟ ಇದ್ಯಾ ಅನ್ನೋದು ನನ್ ಅನುಮಾನ.

ಆ ಓಟ ಎಲ್ಲಿಂದ ಬರ್ಬೇಕು ಅಂದ್ರೆ ಇಂಡಿಯನ್ ಹುಡುಗ್ರಿಂದನೇ. ಎಲ್ರೂ ಈಗ ಡಿಯಾಸ್, ಎಡ್ಗರ್ ಅಂತ ಮಾತಾಡ್ತಿದಾರೆ, ಆದ್ರೆ ಈ ಸೀಸನ್ ಹೆಂಗೆ ಹೋಗತ್ತೆ ಅನ್ನೋದು ಅವ್ರ ಸುತ್ತ ಆಡೋ ಇಪ್ಪತ್ತು, ಇಪ್ಪತ್ನಾಲ್ಕು ವಯಸ್ಸಿನವ್ರ ಮೇಲೆ ನಿಂತಿದೆ ಅಂತ ನಾನು ಬಲವಾಗಿ ನಂಬ್ತೀನಿ.

ಮೊದಲನೇದು ಸುರೇಶ್ ಸಿಂಗ್ ವಾಂಗ್ಜಂ. 24 ವಯಸ್ಸು, 2017ರ ಅಂಡರ್-17 ವರ್ಲ್ಡ್ ಕಪ್ ಆಡಿದ ಬ್ಯಾಚು, 2019ರಿಂದ ನಮ್ಮಲ್ಲೇ ಇದಾನೆ. ನೊಗೆರಾ ಬಾಲ್ ಇಲ್ದಾಗ ಜಾಸ್ತಿ ಓಡಲ್ಲ, ಓಡೋಕೂ ಆಗಲ್ಲ, ಅವನ ಪಾಲಿನ ಓಟ ಸುರೇಶ್ ಓಡ್ಬೇಕು. ಹೋದ ಸಲ ಅವನು ಒಬ್ಬನೇ ಮೂರು ಜನರ ಕೆಲಸ ಮಾಡಿ ಮಾಡಿ ಸುಸ್ತಾಗ್ತಿದ್ದ, ಪಾಸೆಲ್ಲ ತಪ್ತಿದ್ದಕ್ಕೆ ಜನ ಅವನನ್ನೇ ಬೈತಿದ್ರು, ನಂಗೆ ಅದು ತುಂಬಾ ಅನ್ಯಾಯ ಅನ್ಸ್ತಿತ್ತು. ಈಗ ಹಿಂದೆ ಕಾಪೊ ನಿಂತಿರ್ತಾನೆ, ಪಕ್ಕದಲ್ಲಿ ಪಾಸ್ ಹಾಕೋಕೆ ನೊಗೆರಾ ಇರ್ತಾನೆ, ಸುರೇಶ್‌ಗೆ ಅವನ ಒಂದು ಕೆಲಸ ಸಿಕ್ಕಿದ್ರೆ ಸಾಕು. ಅವನಿಗೆ ಪೆಟ್ಟಾದ್ರೆ ಮಾತ್ರ ಅದೇ ಥರ ಓಡೋ ಇನ್ನೊಬ್ಬ ಸ್ಕ್ವಾಡಲ್ಲಿ ಕಾಣಿಸ್ತಿಲ್ಲ. ಫನಾಯ್ ಇದಾನೆ, ಚಿಕ್ಕ ಹುಡುಗ, ಡ್ಯುರಾಂಡಲ್ಲಿ ಚೆನ್ನಾಗಿ ಕಂಡ, ಆದ್ರೆ ಅಷ್ಟು ಭಾರ ಹೊರಿಸೋದು ಬೇಡ.

ಲೆಫ್ಟ್ ಬ್ಯಾಕಲ್ಲಿ ರೋಶನ್ ಸಿಂಗ್. 2021-22ರಲ್ಲಿ ಲೀಗಿನ ಎಮರ್ಜಿಂಗ್ ಪ್ಲೇಯರ್ ಅವನೇ. ಅವನ ಕ್ರಾಸ್ ನೋಡೋಕೆ ಅಂತಾನೇ ಕಂಠೀರವಕ್ಕೆ ಹೋಗ್ಬಹುದು, ಬಾಲು ಡಿಫೆಂಡರ್ ತಲೆ ಮೇಲೆ ಹೋಗಿ ಸರಿಯಾಗಿ ಸ್ಟ್ರೈಕರ್ ಮುಂದೆ ಇಳಿಯತ್ತೆ. ಹೋದ ಸಲ ಆ ಕ್ರಾಸ್‌ಗೆ ತಲೆ ಕೊಡೋರೇ ಇರ್ಲಿಲ್ಲ. ಈಗ ಡಿಯಾಸ್ ಇದಾನೆ, ಎಡ್ಗರ್ ಎತ್ತರದ ಆಳು, ಅವನೂ ಎರಡನೇ ಪೋಸ್ಟಿಗೆ ಬರ್ತಾನೆ. ಹಾವಿ ಹೋದ್ಮೇಲೆ ಕಾರ್ನರ್ರು ಫ್ರೀ ಕಿಕ್ಕು ಕೂಡ ರೋಶನ್‌ಗೆ ಬಿಡ್ಬೇಕು ಅನ್ನೋದು ನನ್ ಆಸೆ. ಪಂಜಾಬ್ ಎಫ್‌ಸಿಯಿಂದ ಬಂದಿರೋ ಮೊಹಮ್ಮದ್ ಸಲಾಹ್ ಕೂಡ ಅದೇ ಜಾಗದವನು, ಹಾಗಾಗಿ ರೋಶನ್‌ಗೆ ರೆಸ್ಟ್ ಕೊಡ್ಬಹುದು, ಇಲ್ಲಾ ಅವನನ್ನ ಇನ್ನೂ ಮುಂದೆ ಆಡಿಸ್ಬಹುದು. ರೈಟ್ ಬ್ಯಾಕ್‌ಗೆ ನಿಖಿಲ್ ಪೂಜಾರಿ ಇದಾನೆ, ನಾಮ್‌ಗ್ಯಾಲ್ ಭುಟಿಯಾ ಇದಾನೆ, ಬೇಕಂದ್ರೆ ಭೇಕೆನೂ ಅಲ್ಲಿ ಆಡಿದವನೇ. ಅಲ್ಲಿ ಚಿಂತೆ ಇಲ್ಲ.

ಕೀಪರ್ ಬಗ್ಗೆ ಏನ್ ಬರೆಯೋದು, ಗುರ್‌ಪ್ರೀತ್ ಇದಾನೆ. 2017ರಿಂದ ಆ ಗೋಲ್ ಕಂಬಗಳ ಮಧ್ಯ ಅವನೇ. ಹೋದ ಸೀಸನ್ 34 ತಿಂದಿದ್ರಲ್ಲಿ ಅವನ ತಪ್ಪೂ ಒಂದೆರಡಿತ್ತು, ಆದ್ರೆ ಅವನು ತಡೀದೇ ಇದ್ದಿದ್ರೆ 34 ಅಲ್ಲ 50 ಆಗ್ತಿತ್ತು. ಬ್ಯಾಕಪ್ಪಿಗೆ ಲಾಲ್ತುಅಮ್ಮವಿಯಾ ರಾಲ್ಟೆ ಒಡಿಶಾಯಿಂದ ವಾಪಸ್ ಬಂದಿದಾನೆ, ಐ-ಲೀಗ್ ಕಾಲದಲ್ಲಿ ನಮ್ ಜೊತೆ ಇದ್ದವನೇ. ಆ ಜಾಗ ಭದ್ರ.

ಈಗ ಛೆಟ್ರಿ. ಬರೆಯೋಕೆ ಕಷ್ಟ ಆಗೋದು ಇಲ್ಲೇ.

ಜೂನ್ 6ಕ್ಕೆ ಕೋಲ್ಕತಾದಲ್ಲಿ ಕುವೈತ್ ಎದುರು ಇಂಡಿಯಾಗೆ ವಿದಾಯದ ಮ್ಯಾಚ್ ಆಡಿದ್ರು, ಅಷ್ಟೊತ್ತಿಗೆ 151 ಮ್ಯಾಚು 94 ಗೋಲು. ಅವತ್ತು ಅವ್ರು ಅಳ್ತಾ ಗ್ರೌಂಡ್ ಸುತ್ತು ಹಾಕಿದ್ದು ನೋಡಿ ನಮ್ಮಮ್ಮ, ಫುಟ್‌ಬಾಲ್ ಒಂದು ಮ್ಯಾಚೂ ಪೂರ್ತಿ ನೋಡದವ್ರು, ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು. ನಮ್ ಕ್ಲಬ್ಬಿಗೆ ಇನ್ನೂ ಆಡ್ತಾರೆ ಅನ್ನೋದೇ ಪುಣ್ಯ. 2013ರಿಂದ ನಡುವೆ ಒಂದೆರಡು ಸಲ ಲೋನಲ್ಲಿ ಹೋಗಿದ್ದು ಬಿಟ್ರೆ ಇಲ್ಲೇ ಇರೋ ಮನುಷ್ಯ. ಬೆಂಗಳೂರು ಅವ್ರಿಗೆ ಮನೆ ಆಗ್ಬಿಟ್ಟಿದೆ, ನಮಗೆ ಅವ್ರು ಮನೆ ಮಗ.

ಇಷ್ಟೆಲ್ಲ ಪ್ರೀತಿ ಇದ್ದೂ ಹೇಳ್ತೀನಿ, ಅವ್ರು ಪ್ರತಿ ಮ್ಯಾಚ್ ಮೊದಲನೇ ನಿಮಿಷದಿಂದ ಆಡ್ಬಾರ್ದು. ಡಿಯಾಸ್ ಜೊತೆ ಛೆಟ್ರಿನೂ ಶುರುವಿಂದ ಆಡಿದ್ರೆ ಮುಂದೆ ಎದುರಾಳಿ ಡಿಫೆಂಡರ್ಸ್ ಮೇಲೆ ಒತ್ತಡ ಹಾಕೋರು ಯಾರು, ಹಿಂದೆ ಓಡಿ ಬಂದು ಸಹಾಯ ಮಾಡೋರು ಯಾರು. ಅದೇ 60ನೇ ನಿಮಿಷಕ್ಕೆ, ಎದುರಿನವ್ರ ಕಾಲು ಭಾರ ಆದಾಗ, ಅವ್ರನ್ನ ಬಿಟ್ರೆ? ಬಾಕ್ಸಲ್ಲಿ ಎಲ್ಲಿ ನಿಲ್ಬೇಕು ಅನ್ನೋದು ಅವ್ರಿಗೆ ಗೊತ್ತಿರೋ ಹಾಗೆ ಈ ದೇಶದಲ್ಲಿ ಯಾರಿಗೂ ಗೊತ್ತಿಲ್ಲ, ಆ ಬುದ್ಧಿಗೆ ವಯಸ್ಸಾಗಲ್ಲ. 2022-23ರಲ್ಲಿ ಬೆಂಚಿಂದ ಬಂದು ಎಷ್ಟು ಮ್ಯಾಚ್ ತಿರುಗಿಸಿದ್ರು ನೆನಪಿದ್ಯಲ್ಲ. 30 ನಿಮಿಷದ ಛೆಟ್ರಿ ಮೇ ತಿಂಗ್ಳವರೆಗೂ ನಮ್ಮ ಜೊತೆ ಇರ್ತಾರೆ, 90 ನಿಮಿಷದ ಛೆಟ್ರಿ ಡಿಸೆಂಬರಲ್ಲೇ ದಣೀತಾರೆ. ಇದನ್ನ ಬರೀತಾ ಸಂಕಟ ಆಗ್ತಿದೆ, ಆದ್ರೂ ಇದೇ ಸರಿ ಅನ್ಸತ್ತೆ.

ಅವ್ರಾದ್ಮೇಲೆ ಯಾರು ಅನ್ನೋದಕ್ಕೆ ಸ್ಕ್ವಾಡಲ್ಲಿ ಇನ್ನೂ ಉತ್ತರ ಇಲ್ಲ. ಶಿವಶಕ್ತಿ ನಾರಾಯಣನ್ 2022-23ರಲ್ಲಿ ಬೆಂಕಿ ಥರ ಆಡಿದ್ದ, ಆ ವರ್ಷದ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತೀನೂ ತಗೊಂಡ, ಹೋದ ಸಲ ಆ ಓಟನೇ ಕಾಣ್ಲಿಲ್ಲ. ಮುಂದೆ ಎಡ್ಗರ್, ಡಿಯಾಸ್, ರಯಾನ್ ಎಲ್ಲ ಇದ್ರೆ ಅವನಿಗೆ ನಿಮಿಷ ಎಲ್ಲಿ ಸಿಗತ್ತೆ ಅನ್ನೋದೂ ಪ್ರಶ್ನೆನೇ. ಸ್ಟ್ರೈಕರ್‌ಗೆ ಆಡದೇ ಫಾರ್ಮ್ ಬರಲ್ಲ. ರೋಹಿತ್ ದಾನು, ಹಲಿಚರಣ್ ನರ್ಜರಿ, ಶಿವಾಲ್ಡೊ ಇದಾರೆ, ಒಬ್ಬೊಬ್ರಿಗೆ ಒಂದೊಂದು ಮ್ಯಾಚ್ ಬರತ್ತೆ, ನಂಬ್ಕೊಂಡು ಕೂರೋ ಹಾಗಿಲ್ಲ.

ಕೋಚ್ ಜೆರಾರ್ಡ್ ಸರಗೋಸ ಮೇಲೆ ನಂಗೆ ಭರವಸೆ ಇದೆ. ಹೋದ ಸಲ ಡಿಸೆಂಬರಲ್ಲಿ ಬಂದಾಗ ಬೇರೆಯವ್ರು ಕಟ್ಟಿದ ಟೀಮು ಕೈಗೆ ಸಿಕ್ಕಿತ್ತು, ಈಗ ಅವ್ರೇ ಕೇಳಿ ತಂದವ್ರು. 2019ರ ಕಪ್ ಗೆದ್ದಾಗ ಕಾರ್ಲೆಸ್ ಕ್ವಾದ್ರಾತ್‌ಗೆ ಅಸಿಸ್ಟೆಂಟ್ ಆಗಿದ್ದವ್ರು ಇವ್ರೇ. ಶನಿವಾರ ಎದುರಿಗೆ ಬರ್ತಿರೋ ಈಸ್ಟ್ ಬೆಂಗಾಲ್ ಕೋಚ್ ಯಾರು ಅಂದ್ರೆ ಅದೇ ಕ್ವಾದ್ರಾತ್! ಕಂಠೀರವದಲ್ಲಿ ಒಂದೇ ಬೆಂಚಲ್ಲಿ ಕೂತಿದ್ದ ಇಬ್ರು ಈಗ ಆ ಕಡೆ ಈ ಕಡೆ. ಈಸ್ಟ್ ಬೆಂಗಾಲವ್ರೂ ಕೈ ಬಿಚ್ಚಿ ಖರ್ಚು ಮಾಡಿದಾರೆ, ಹೋದ ಸಲ 13 ಗೋಲ್ ಹೊಡೆದ ಡಿಯಾಮಂತಾಕೋಸ್ ಈಗ ಅವ್ರ ಹತ್ರ ಇದಾನೆ. ಆಮೇಲೆ 19ಕ್ಕೆ ಹೈದರಾಬಾದ್, 28ಕ್ಕೆ ಮೋಹನ್ ಬಾಗಾನ್. ಮೊದಲನೇ ಮೂರೂ ಮ್ಯಾಚ್ ನಮ್ಮನೇಲೇ. ಮೂರರಲ್ಲಿ ಏಳು ಪಾಯಿಂಟ್ ಬಂದ್ರೆ ಟೀಮಿಗೆ ಎಷ್ಟು ಧೈರ್ಯ ಬರತ್ತೆ ಯೋಚ್ನೆ ಮಾಡಿ. ಏಪ್ರಿಲಲ್ಲಿ ನಾಲ್ಕು ಗೋಲ್ ಹೊಡೆದು ಹೋದವ್ರಿಗೆ 28ಕ್ಕೆ ಉತ್ತರ ಕೊಡ್ಬೇಕು ಅನ್ನೋದು ನಂಗೆ ಕಪ್ಪಿಗಿಂತ ಮುಖ್ಯ ಆಗ್ಬಿಟ್ಟಿದೆ, ಆದ್ರೆ ಅವ್ರೂ ಜೇಮಿ ಮ್ಯಾಕ್ಲಾರೆನ್, ಗ್ರೆಗ್ ಸ್ಟೂವರ್ಟ್ ಅಂಥವ್ರನ್ನ ತಂದಿದಾರೆ, ಸುಲಭ ಅಲ್ಲ.

ನಾವು ಎಷ್ಟನೇ ಜಾಗಕ್ಕೆ ಬರ್ತೀವಿ? ಆರರ ಒಳಗೆ ಬಂದೇ ಬರ್ತೀವಿ. ಮೊದಲೆರಡು ಜಾಗಕ್ಕೆ ಬಂದು ಸೀದಾ ಸೆಮಿಫೈನಲ್ ಆಡೋಕೆ ಬೆಂಚು ಸಾಲದು ಅನ್ಸತ್ತೆ. ನಾಲ್ಕು ಅಥವಾ ಐದು ಅಂತ ನನ್ ಲೆಕ್ಕ. ಹುಡುಗ್ರಿಗೆ ಮೊದಲ ದಿನದಿಂದ್ಲೇ ನಿಮಿಷ ಕೊಟ್ರೆ ಇನ್ನೊಂದು ಜಾಗ ಮೇಲೆ, ಪೆಟ್ಟಾದ್ಮೇಲೆ ಮಾತ್ರ ಅವ್ರನ್ನ ಹುಡುಕ್ಕೊಂಡು ಹೋದ್ರೆ ಒಂದು ಜಾಗ ಕೆಳಗೆ.

ಇಲ್ಲಿಗೆ ಚಿಕ್ಕಪ್ಪ ಕೇಳಿದ್ದಕ್ಕೆ ಬರ್ತೀನಿ. ವಿನೀತ್ ವೆಂಕಟೇಶ್. 19 ವಯಸ್ಸು, ಬೆಂಗಳೂರು ಹುಡುಗ, ಬಿಎಫ್‌ಸಿಯ ಅಕಾಡೆಮೀಲೇ ಬೆಳೆದವನು. ನಮ್ ಕ್ಲಬ್ಬಿನ ಅಕಾಡೆಮಿ ಬಳ್ಳಾರಿ ಕಡೆ ತೋರಣಗಲ್ಲಲ್ಲಿದೆ, ಆ ಬಿಸಿಲಲ್ಲಿ ಇದ್ಕೊಂಡು ಆಟ ಕಲೀತಾರೆ ಹುಡುಗ್ರು. 2022, 2023 ಎರಡೂ ವರ್ಷ ಕಿರಿಯರ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಗೆದ್ದಿದ್ದು ನಮ್ ಹುಡುಗ್ರೇ. ಆ ಹುಡುಗ್ರು ಎಷ್ಟು ಜನ ಕಂಠೀರವದಲ್ಲಿ ಆಡಿದ್ರು ಅಂತ ಎಣಿಸಿದ್ರೆ ಬೇಜಾರಾಗತ್ತೆ. ವಿನೀತ್ ಡ್ಯುರಾಂಡಲ್ಲಿ ಆಡಿದ್ದು ನೋಡಿದವ್ರಿಗೆ ನಾನು ಜಾಸ್ತಿ ಹೇಳ್ಬೇಕಾಗಿಲ್ಲ. ಬಾಲ್ ಬಂದ ತಕ್ಷಣ ಹಿಂದಕ್ಕೆ ಪಾಸ್ ಹಾಕಲ್ಲ, ತಿರುಗ್ತಾನೆ, ಎದುರಿನ ಡಿಫೆಂಡರ್ ಮುಖ ನೋಡಿ ಓಡ್ತಾನೆ. ಸಾಲ್ಟ್ ಲೇಕಲ್ಲಿ ಮೋಹನ್ ಬಾಗಾನ್ ಮೇಲೆ ಗೋಲ್ ಹೊಡೆಯೋಕೆ 19 ವಯಸ್ಸಲ್ಲಿ ಗುಂಡಿಗೆ ಬೇಕು. ಡಿಯಾಸ್, ನೊಗೆರಾಗೆ ಇಲ್ಲದಿರೋ ಓಟ ಇವನಲ್ಲಿದೆ, ಇವನಿಗಿಲ್ಲದ ಅನುಭವ ಅವ್ರಲ್ಲಿದೆ. ಒಟ್ಟಿಗೆ ಆಡಿದ್ರೆ ಇಬ್ರಿಗೂ ಲಾಭ. ಬೆಂಚಲ್ಲಿ ಕೂರಿಸಿ "ಮುಂದಿನ ವರ್ಷ ನೋಡೋಣ" ಅಂದ್ರೆ ಎಷ್ಟು ಹುಡುಗ್ರ ಥರ ಇವನೂ ಕೈ ಜಾರಿ ಹೋಗ್ತಾನೆ, ಅದನ್ನ ನಾನು ಹತ್ತು ವರ್ಷದಲ್ಲಿ ಹಲವು ಸಲ ನೋಡಿದೀನಿ.

ಹಾಗಾಗಿ ಶನಿವಾರಕ್ಕೆ ನನ್ ಟೀಮು: ಗೋಲಲ್ಲಿ ಗುರ್‌ಪ್ರೀತ್, ಹಿಂದೆ ಪೂಜಾರಿ, ಭೇಕೆ, ಚಿಂಗ್ಲೆನ್ಸಾನಾ, ರೋಶನ್. ಮಧ್ಯ ಕಾಪೊ, ಸುರೇಶ್, ನೊಗೆರಾ. ಮುಂದೆ ಒಂದು ಕಡೆ ಎಡ್ಗರ್, ನಡುವೆ ಡಿಯಾಸ್, ಇನ್ನೊಂದು ಕಡೆ ವಿನೀತ್. 60ಕ್ಕೆ ಛೆಟ್ರಿ, ಜೊತೆಗೆ ಎಡ್ಗರ್ ಬದ್ಲು ರಯಾನ್.

ನಿನ್ನೆ ರಾತ್ರಿ ಫೋನ್ ಮಾಡಿ ಇದನ್ನೇ ಚಿಕ್ಕಪ್ಪಂಗೆ ಓದಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡ್ರು.

"ಆ ಹುಡುಗ ಮೊದಲಿಂದ ಆಡ್ತಾನೆ ಅಂತೀಯಾ?"

"ಕೋಚ್ ಆಡಿಸ್ಬೇಕು ಚಿಕ್ಕಪ್ಪ, ನಾನ್ ಆಡಿಸ್ತೀನಿ ಅಂದೆ ಅಷ್ಟೇ. ನೀವೂ ಬನ್ನಿ, ನೋಡೋಣ."

"ಮೊಣಕಾಲು ನೋವು ಕಣೋ, ಆ ಮೆಟ್ಟಿಲು ಹತ್ತೋಕಾಗಲ್ಲ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಈಗ ನಮ್ ಕೆ.ಆರ್. ಪುರದಿಂದ ಮೆಟ್ರೋ ಸೀದಾ ಬರತ್ತಲ್ಲ, ಎಲ್ಲಿ ಇಳೀಬೇಕು?" ಅಂದ್ರು.

ಕಬ್ಬನ್ ಪಾರ್ಕಲ್ಲಿ ಇಳೀರಿ, ನಾನು ಮೇಲೆ ಕಾಯ್ತಿರ್ತೀನಿ ಅಂದಿದೀನಿ. ಕೆಳಗಿನ ಸಾಲಲ್ಲಿ ಎರಡು ಟಿಕೆಟ್ ತಗೊಂಡಿದೀನಿ, ಮಳೆ ಬಂದ್ರೆ ಅಂತ ದೊಡ್ಡ ಛತ್ರಿ ಒಂದು ಬಾಗ್ಲ ಹತ್ರ ಈಗ್ಲೇ ಇಟ್ಟಿದೀನಿ.